ದಂತವೈದ್ಯರ ಯಂತ್ರಕ್ಕೂ ದೃಷ್ಟಿಪರೀಕ್ಷೆ

ಊಟವಾದ ಮೇಲೆ ಹಲ್ಲುಗಳ ಸಂದಿಯಲ್ಲಿ ಸೀಬೆಹಣ್ಣಿನ ಒಂದು ಬೀಜ ಸಿಕ್ಕಿಕೊಂಡಿತೆನ್ನಿ. ಅದು ಹೊರಬರುವವರೆಗೆ ನಾಲಗೆಗೆ ಬೇರೆ ಕೆಲಸವೇ ಇರುವುದಿಲ್ಲ. ಬಾಯಿಯ ಸೂಕ್ಷ್ಮತೆ ಅಂತಹುದು! ಮೇಲಿನ ಮತ್ತು ಕೆಳಗಿನ ಹಲ್ಲುಗಳ ನಡುವೆ ಸುಮಾರು ೨೦ ಮೈಕ್ರಾನ್ ದಪ್ಪದ ತೆಳುಹಾಳೆಯನ್ನಿಟ್ಟರೂ ಸಹಜದಂತಗಳು ಅದನ್ನು ಗುರುತಿಸಬಲ್ಲವು. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ನಮ್ಮ ತಲೆಗೂದಲೊಂದರ ದಪ್ಪವೇ ೭೦-೮೦ ಮೈಕ್ರಾನ್ ಇರುವುದುಂಟು. ಇಂತಹ ಸ್ಥಳದಲ್ಲಿ ಕೃತಕದಂತವನ್ನೋ ಹಲ್ಲಿನ ಕ್ಯಾಪನ್ನೋ ಕೂರಿಸಬೇಕಾದರೆ ಅಳತೆ ಎಷ್ಟು ನಿಷ್ಕೃಷ್ಟವಾಗಿರಬೇಕೆಂಬುದನ್ನು ಓದುಗರೇ ಊಹಿಸಬಹುದು.

ಈ ಅಳತೆಗಾಗಿ ಬಹುಕಾಲದಿಂದ ನಡೆದುಬಂದ ಪದ್ಧತಿಯೆಂದರೆ, ಟ್ರೇಯೊಂದರಲ್ಲಿ ಮೆತ್ತನೆಯ ಪದಾರ್ಥವನ್ನು ತುಂಬಿ, ಬಾಯಿಯೊಳಗಿರಿಸಿ ಅಚ್ಚು ತೆಗೆಯುವುದು. ಅದರಿಂದ ಓಕರಿಕೆ ಬಂದು ಬೇಸತ್ತವರು ಅನೇಕರು. ೧೯೭೩ರಲ್ಲಿ ಫ್ರಾನ್ಸಿನ ದಂತವೈದ್ಯ ಫ್ರಾಂಸ್ವಾ ದ್ಯುರೆ ಅವರು ಬೆಳಕಿನಿಂದಲೇ ಅಚ್ಚು ತೆಗೆಯುವ ಕಲ್ಪನೆಯನ್ನು ತಮ್ಮ ಪ್ರೌಢಪ್ರಬಂಧದಲ್ಲಿ ಮಂಡಿಸಿದರು. ೧೯೮೫ರಲ್ಲಿ ಸ್ವಿಟ್ಜರ್ಲೆಂಡಿನ ಜೂರಿಕ್ ವಿಶ್ವವಿದ್ಯಾಲಯದಲ್ಲಿ, ವೆರ್ನರ್ ಮೋರ್ಮನ್ ಮತ್ತು ಮಾರ್ಕೊ ಬ್ರಾಂಡೆಸ್ಟಿನಿ ಅವರು ರೂಪಿಸಿದ ಯಂತ್ರದ ನೆರವಿನಿಂದ, ಹಲ್ಲಿನ ಕುಳಿಯನ್ನು ಕ್ಯಾಮರಾದಿಂದಳೆದು, ರೋಗಿ ಕುರ್ಚಿಯಿಂದೇಳುವುದರೊಳಗಾಗಿ ಪಿಂಗಾಣಿಯ ತುಂಡೊಂದನ್ನು ಕೊರೆದು ಕೂರಿಸಲಾಯಿತು. ಇಂದು ನಮ್ಮ ನಗರಗಳ ಚಿಕಿತ್ಸಾಲಯಗಳಲ್ಲಿ ಕಾಣುವ ಸ್ಕ್ಯಾನರ್ ಆ ಸಂತತಿಗೆ ಸೇರಿದುದು.

ಇಂತಹ ಅನೇಕ ಯಂತ್ರಗಳ ಒಳಗುಟ್ಟು ತ್ರಿಕೋನಗಣಿತವೇ. ಬೆಳಕಿನ ಗೆರೆಗಳು ಹಲ್ಲಿನ ಮೇಲೆ ಬೀಳುತ್ತವೆ. ಪಕ್ಕದ ಇನ್ನೊಂದು ಕೋನದಿಂದ ಕ್ಯಾಮರಾ ಅವುಗಳನ್ನು ನೋಡುತ್ತದೆ. ಗೆರೆಗಳು ಬಾಗಿದ ಪರಿಯಿಂದ ಉಬ್ಬುತಗ್ಗುಗಳ ಲೆಕ್ಕ ದೊರೆಯುತ್ತದೆ. ಲ್ಯಾಂಬ್ಟನ್ ಸಾಹೇಬರು ೧೮೦೦ರಲ್ಲಿ ಬೆಂಗಳೂರಿನ ಸಮೀಪದಲ್ಲಿಯೂ, ೧೮೦೨ರಲ್ಲಿ ಮದರಾಸಿನ ಬಳಿಯಲ್ಲಿಯೂ ನೆಲದ ಮೇಲೆ ಆಧಾರರೇಖೆಗಳನ್ನು ಅಳೆದು, ಅವುಗಳಿಂದ ತ್ರಿಕೋನಗಳನ್ನು ಹೆಣೆದು ದಕ್ಷಿಣದೇಶದ ಮೋಜಣಿಗೆ ತೊಡಗಿದುದೂ ಇದೇ ತತ್ತ್ವದ ಮೇಲೆ. ಮದರಾಸಿನಲ್ಲಿ ಅವರು, ಬಿಸಿಲಿಗೆ ಉಕ್ಕಿನ ಸರಪಣಿ ಹಿಗ್ಗುವುದನ್ನು ಲೆಕ್ಕಕ್ಕೆ ಹಿಡಿಯಲು ಥರ್ಮಾಮೀಟರುಗಳನ್ನಿರಿಸಿದರು. ಇನ್ನೊಂದು ಸರಪಣಿಯನ್ನು ಮಾದರಿಯೆಂದು ಕಾದಿರಿಸಿ ಅದರೊಡನೆ ಹೋಲಿಸಿ ನೋಡಿದರು. ಆಧಾರರೇಖೆಯೇ ತಪ್ಪಿದರೆ ಅದರ ಮೇಲೆ ಕಟ್ಟಿದ ತ್ರಿಕೋನಗಳೆಲ್ಲವೂ ತಪ್ಪುವುವಲ್ಲವೆ?

ಸ್ಕ್ಯಾನರಿನ ಕಥೆಯೂ ಅದೇ. ಬೆಳಕಿನ ದೀಪಕ್ಕೂ ಕ್ಯಾಮರಾಕ್ಕೂ ನಡುವಣ ಅಂತರ, ಅವುಗಳ ಕೋನ, ಮಸೂರದ ಗುಣ, ಇವೆಲ್ಲವೂ ಅದರ ಆಧಾರರೇಖೆ. ಕೋಣೆಯ ಉಷ್ಣ ಏರಿಳಿದರೆ ಬಿಡಿಭಾಗಗಳು ಹಿಗ್ಗಿ ಕುಗ್ಗುತ್ತವೆ. ಕೈಜಾರಿ ಬಿದ್ದರೆ, ಪ್ರಯಾಣದಲ್ಲಿ ಅಲುಗಿದರೆ ಕೋನ ಬದಲಾಗಬಹುದು. ಇದಲ್ಲದೆ ಯಂತ್ರವು ಒಂದೇ ನೋಟದಲ್ಲಿ ಇಡೀ ದವಡೆಯನ್ನು ಕಾಣಲಾರದು. ನೂರಾರು ಸಣ್ಣ ಚಿತ್ರಗಳನ್ನು ಒಂದಕ್ಕೊಂದು ಜೋಡಿಸುತ್ತ ಹೋಗುತ್ತದೆ. ದರ್ಜಿಯು ಪ್ರತಿಯೊಂದು ತುಂಡಿನಲ್ಲಿಯೂ ಒಂದೆಳೆ ತಪ್ಪಿದರೆ ಅಂಗಿಯ ತುದಿಯಲ್ಲಿ ಅದು ಗೇಣಾಗುವಂತೆ, ಇಲ್ಲಿಯೂ ಚಿಕ್ಕ ದೋಷಗಳು ದವಡೆಯ ಉದ್ದಕ್ಕೂ ಕೂಡಿಕೊಳ್ಳುತ್ತವೆ.

ಇದಕ್ಕೆ ಪರಿಹಾರವೇ ಕ್ಯಾಲಿಬ್ರೇಷನ್. ಅಂಗಡಿಯ ತಕ್ಕಡಿಯನ್ನು ಮುದ್ರೆಯೊತ್ತಿದ ಬಟ್ಟುಗಳಿಂದ ಸರಿನೋಡುವಂತೆ, ಅಳತೆ ಖಚಿತವಾಗಿ ತಿಳಿದಿರುವ ವಸ್ತುವೊಂದನ್ನು ಯಂತ್ರಕ್ಕೆ ತೋರಿಸುವುದು. ಹಲವು ಸ್ಕ್ಯಾನರುಗಳ ಜೊತೆಯಲ್ಲಿ ಪುಟ್ಟ ಡಬ್ಬಿಯೊಂದು ಬರುತ್ತದೆ. ಅದರೊಳಗೆ ಗೊತ್ತಾದ ಅಂತರದಲ್ಲಿ ಚುಕ್ಕೆಗಳನ್ನೋ ಚೌಕಗಳನ್ನೋ ಬರೆದಿರುತ್ತಾರೆ. ಸ್ಕ್ಯಾನರಿನ ಮೂತಿಯನ್ನು ಅದರಲ್ಲಿರಿಸಿದರೆ, ತಾನು ಕಂಡದ್ದಕ್ಕೂ ಕಾಣಬೇಕಾದುದಕ್ಕೂ ಇರುವ ವ್ಯತ್ಯಾಸವನ್ನು ಯಂತ್ರ ಗಣಿಸಿ, ತಿದ್ದುಪಡಿಯನ್ನು ನೆನಪಿನಲ್ಲಿಟ್ಟುಕೊಳ್ಳುತ್ತದೆ. ಹಲ್ಲಿನ ಬಣ್ಣವನ್ನು ಸರಿಯಾಗಿ ಗುರುತಿಸಲು ಬೇರೊಂದು ಬಣ್ಣದ ಫಲಕವಿರುವುದೂ ಉಂಟು. ಎಷ್ಟು ದಿನಗಳಿಗೊಮ್ಮೆ ಇದನ್ನು ಮಾಡಬೇಕೆಂಬುದು ಯಂತ್ರದಿಂದ ಯಂತ್ರಕ್ಕೆ ಭಿನ್ನ; ತಯಾರಕರ ಸೂಚನೆಯೇ ಇಲ್ಲಿ ಪ್ರಮಾಣ.

ಹಾಗೆಂದು ಕ್ಯಾಲಿಬ್ರೇಷನ್ ಸರ್ವರೋಗನಿವಾರಕವೇನೂ ಅಲ್ಲ. ಗೀಚುಬಿದ್ದ ಕನ್ನಡಿಯನ್ನಾಗಲಿ, ಜೊಲ್ಲಿನಲ್ಲಿ ಮುಳುಗಿದ ಹಲ್ಲನ್ನಾಗಲಿ ಅದು ಸರಿಪಡಿಸಲಾರದು. ಮಾದರಿಯ ಡಬ್ಬಿಯೇ ಧೂಳುಹಿಡಿದಿದ್ದರೆ ತಿದ್ದುಪಡಿಯೇ ತಪ್ಪಾಗುತ್ತದೆ. ಇನ್ನೊಂದು ಸೂಕ್ಷ್ಮವೂ ಇದೆ. ಯಾವಾಗಲೂ ಐದು ನಿಮಿಷ ಮುಂದಿರುವ ಗಡಿಯಾರ ತಪ್ಪದೆ ನಡೆಯುತ್ತದೆ, ಆದರೆ ಸರಿಯಾದ ಹೊತ್ತನ್ನು ತೋರಿಸುವುದಿಲ್ಲ. ಹಾಗೆಯೇ ಹತ್ತು ಬಾರಿ ಅಳೆದಾಗಲೂ ಒಂದೇ ಉತ್ತರ ಬಂದಿತೆಂದ ಮಾತ್ರಕ್ಕೆ ಆ ಉತ್ತರ ಸತ್ಯವಾಗಬೇಕಾಗಿಲ್ಲ. ಹೊರಗಿನ ಮಾದರಿಯೊಡನೆ ಹೋಲಿಸಿದಾಗಲೇ ಸತ್ಯ ತಿಳಿಯುವುದು.

ಇಷ್ಟೆಲ್ಲ ಜಾಗರೂಕತೆ ಏತಕ್ಕೆ? ೧೯೭೧ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದು, ಹಲ್ಲಿಗೂ ಕ್ಯಾಪಿನ ಅಂಚಿಗೂ ನಡುವೆ ೧೨೦ ಮೈಕ್ರಾನಿಗಿಂತ ಹೆಚ್ಚಿನ ಬಿರುಕಿರಬಾರದೆಂದು ಸೂಚಿಸಿತು. ದಂತವೈದ್ಯರು ಇಂದಿಗೂ ಆ ಮಿತಿಯನ್ನು ನೆನೆಯುತ್ತಾರೆ. ಬಿರುಕು ದೊಡ್ಡದಾದರೆ ಒಳಗಿನ ಸಿಮೆಂಟು ಕ್ರಮೇಣ ಕರಗಿ, ಕ್ರಿಮಿಗಳು ಸೇರಿ, ಹೊರಗೆ ಹೊಳೆಯುವ ಕ್ಯಾಪಿನ ಅಡಿಯಲ್ಲಿ ಹಲ್ಲು ಸದ್ದಿಲ್ಲದೆ ಹುಳುಕಾಗುತ್ತದೆ. ದವಡೆಯ ಮೂಳೆಗೆ ತಿರುಪು ಹಾಕಿ ನಿಲ್ಲಿಸುವ ಇಂಪ್ಲಾಂಟುಗಳ ವಿಷಯದಲ್ಲಂತೂ ಕ್ಷಮೆ ಇನ್ನೂ ಕಡಮೆ. ಸಹಜದಂತ ತನ್ನ ಗೂಡಿನಲ್ಲಿ ಕೊಂಚ ಕದಲಬಲ್ಲದು. ಇಂಪ್ಲಾಂಟು ಹಾಗೆ ಸರಿದುಕೊಡುವುದಿಲ್ಲ. ಅವುಗಳ ಮೇಲೆ ಕೂರಿಸುವ ಸೇತುವೆಯ ಅಳತೆ ತಪ್ಪಿದರೆ ತಿರುಪುಗಳು ಸಡಿಲಗೊಳ್ಳಬಹುದು, ಮುರಿಯಲೂಬಹುದು. ವಿಪರ್ಯಾಸವೆಂದರೆ, ಕೆಟ್ಟ ಅಳತೆಯ ಚಿತ್ರವೂ ಪರದೆಯ ಮೇಲೆ ಅಷ್ಟೇ ಸುಂದರವಾಗಿ ಕಾಣುತ್ತದೆ!

ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಎಂಬ ಗಾದೆಯನ್ನು ಕೇಳಿ ನಕ್ಕವರೇ ನಾವೆಲ್ಲ. ಕಷ್ಟಪಟ್ಟು ಕೂಡಿಸಿದ ಹಣವನ್ನು ತೆತ್ತು ಹಲ್ಲು ಕಟ್ಟಿಸಿಕೊಳ್ಳುವ ಸಂಸಾರಸ್ಥರು, ‘ಡಾಕ್ಟರೇ, ಈ ಯಂತ್ರವನ್ನು ಈಚೆಗೆ ಯಾವಾಗ ಸರಿನೋಡಿದಿರಿ?’ ಎಂದು ವಿನಯದಿಂದ ಕೇಳುವುದರಲ್ಲಿ ಸಂಕೋಚಪಡಬೇಕಾದುದಿಲ್ಲ. ತಮ್ಮ ಕೆಲಸದಲ್ಲಿ ಶ್ರದ್ಧೆಯುಳ್ಳ ವೈದ್ಯರು ಈ ಪ್ರಶ್ನೆಗೆ ಮುನಿಯುವುದಿಲ್ಲ, ತಾರೀಖು ಹೇಳುತ್ತಾರೆ.