ವ್ಯವಹಾರಕಾಲದ ನುಡಿ: ಮಿತಾಕ್ಷರೆಯ ಒಂದು ವಿಚಾರ

ಕುಷ್ಟಗಿಯ ದಕ್ಷಿಣದ ಇಟಗಿಯಲ್ಲಿ ದಂಡನಾಯಕ ಮಹಾದೇವನು 1112ರಲ್ಲಿ ದೇವಾಲಯವನ್ನು ಕಟ್ಟಿಸಿದನು. ಅವನ ಒಡೆಯನಾದ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿಯೇ (1076–1126) ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರೆಯನ್ನು ಬರೆದನು. ದಾಯವಿಭಾಗಕ್ಕಾಗಿ ಪ್ರಸಿದ್ಧವಾದ ಈ ವ್ಯಾಖ್ಯಾನದ ವ್ಯವಹಾರಮಾತೃಕಾಪ್ರಕರಣವನ್ನು ಓದುವವರು ವಿರಳ.

ಅರ್ಥಿಯು ಮೊದಲು ನಿವೇದಿಸಿದುದನ್ನೇ ಪ್ರತ್ಯರ್ಥಿಯ ಎದುರಿನಲ್ಲಿ ಬರೆಯಿಸಬೇಕೆಂಬುದು ಸ್ಮೃತಿಯ ವಿಧಿ. ಮೊದಲೊಂದನ್ನೂ ಬಳಿಕ ಮತ್ತೊಂದನ್ನೂ ನುಡಿದವನು ‘ಅನ್ಯವಾದಿ’. ಆದರೆ ನಾರದವಚನವನ್ನು ಆಧರಿಸಿ ವಿಜ್ಞಾನೇಶ್ವರನು ಸೂಕ್ಷ್ಮವಾದೊಂದು ಭೇದವನ್ನು ಕಾಣಿಸುತ್ತಾನೆ. ಭೂಮಿ, ಸಾಲ ಮೊದಲಾದ ಅರ್ಥವಿವಾದಗಳಲ್ಲಿ ಮಾತು ತಪ್ಪಿದವನು ದಂಡಾರ್ಹನೇ ಹೊರತು ಸ್ವತ್ತನ್ನು ಕಳೆದುಕೊಳ್ಳುವುದಿಲ್ಲ. ಕೋಪಮೂಲವಾದ ವಿವಾದಗಳಲ್ಲಿ ಹಾಗಲ್ಲ: ತಲೆಗೆ ಕಾಲಿನಿಂದ ಒದೆದನೆಂದು ದೂರಿ, ಬರೆಯಿಸುವಾಗ ಕೈಯಿಂದ ಹೊಡೆದನೆಂದವನು ದಂಡವನ್ನೂ ತೆರುವನು, ವಾದವನ್ನೂ ಸೋಲುವನು. ಕೈಕಾಲುಗಳ ಈ ಲೆಕ್ಕವು ನಗೆ ತರಿಸಬಹುದು. ಪೆಟ್ಟು ತಿಂದವನಿಗೆ ಮಾತ್ರ ಅದು ನಗೆಯ ವಿಷಯವಲ್ಲ.

ಶಾಸ್ತ್ರಕಾರನು ಇಲ್ಲಿ ವಿಚಾರಿಸಿದುದು ಧರ್ಮಾಧಿಕರಣದ ಮಾತನ್ನು. ಸಂತೆಯಲ್ಲಿ, ಸಭೆಯಲ್ಲಿ ಆಡಿದ ಮಾತಿಗೂ ಇಂದು ನ್ಯಾಯಾಲಯದಲ್ಲಿ ಬೆಲೆಯುಂಟು. 1872ರ ಸಾಕ್ಷ್ಯ ಅಧಿನಿಯಮದಲ್ಲಿದ್ದು, 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಮುಂದುವರಿದಿರುವ ನಿಯಮದಂತೆ, ಪಕ್ಷಗಾರನು ಹೊರಗೆ ಒಪ್ಪಿಕೊಂಡುದನ್ನು ಎದುರಾಳಿಯು ಅವನ ವಿರುದ್ಧ ರುಜುವಾತುಪಡಿಸಬಹುದು. ತನಗೆ ಅನುಕೂಲವಾಗಿ ಆಡಿದುದನ್ನು ಅವನೇ ಸಾಮಾನ್ಯವಾಗಿ ಬಳಸಲಾರನು. ಬಾಯಿಬಿಟ್ಟವನಿಗೆ ನಷ್ಟವುಂಟು, ಲಾಭವಿಲ್ಲ. ಮೂರನೆಯವರೂ ಹೊರತಲ್ಲ: ನಡೆಯುತ್ತಿರುವ ವಿಚಾರಣೆಗೆ ಬಾಧಕವಾಗುವ ಪ್ರಕಟನೆಯು 1971ರ ನ್ಯಾಯಾಲಯ ನಿಂದನಾ ಅಧಿನಿಯಮದಂತೆ ಅಪರಾಧವಾಗಬಹುದು, ಅಂತಿಮವಾಗಿ ತೀರ್ಮಾನವಾದ ಪ್ರಕರಣದ ಗುಣದೋಷಗಳ ನ್ಯಾಯವಾದ ವಿಮರ್ಶೆಗೆ ಅದೇ ಅಧಿನಿಯಮದ 5ನೆಯ ಕಲಮು ರಕ್ಷಣೆಯನ್ನಿತ್ತಿದೆ.