ಗೋಡೆಯನ್ನು ಕೆಡಹುವ ಮುನ್ನ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದು ನಮ್ಮ ಹಿರಿಯರು ಹೇಳಿದರು. ‘ಕಟ್ಟಿದ ಮನೆಯನ್ನು ತಿದ್ದಿ ನೋಡು’ ಎಂಬುದನ್ನೂ ಅದರೊಡನೆ ಸೇರಿಸಬೇಕಾಗಿತ್ತೆಂದು ನಮಗೆ ತೋರುತ್ತದೆ. ಹೊಸ ಮನೆ ಕಟ್ಟುವವನ ಮುಂದೆ ಬರಿಯ ನೆಲವಿರುತ್ತದೆ. ಹಳೆಯ ಮನೆಯನ್ನು ತಿದ್ದುವವನ ಮುಂದಾದರೋ ಅಜ್ಜನ ಕಾಲದ ಗೋಡೆ ನಿಂತಿರುತ್ತದೆ. ಅದರ ಒಡಲಲ್ಲಿ ಏನಿದೆ, ಅದು ಹೊತ್ತ ಭಾರವೆಷ್ಟು ಎಂಬುದನ್ನು ಹೇಳಲು ಅದನ್ನು ಕಟ್ಟಿದವರು ಇಂದು ಉಳಿದಿಲ್ಲ.

ಕಲಬುರಗಿಯ ನೆಹರು ಗಂಜನ್ನು ವಾಚಕರಲ್ಲಿ ಅನೇಕರು ಬಲ್ಲರು. ತೊಗರಿಯ ವ್ಯಾಪಾರಕ್ಕೆ ಹೆಸರಾದ ಪೇಟೆಯದು. ಅಲ್ಲಿ ಒಂದು ಕುಟುಂಬವನ್ನು ಊಹಿಸಿಕೊಳ್ಳೋಣ. ಕೆಳಗೆ ಅಂಗಡಿ ಹಾಗೂ ಅಡಿಗೆಮನೆ, ಮೇಲೆ ಮಲಗುವ ಕೋಣೆಗಳು. ಕಲ್ಲನ್ನು ಮಣ್ಣಿನಲ್ಲಿ ಕೂರಿಸಿ ಕಟ್ಟಿದ ಎರಡಡಿ ದಪ್ಪದ ಗೋಡೆಗಳು. ಮಗನಿಗೆ ಮದುವೆಯಾಗಿದೆ, ಅಡಿಗೆಮನೆ ಸಾಲದಾಗಿದೆ. ನಡುಗೋಡೆಯೊಂದನ್ನು ತೆಗೆದರೆ ಎರಡು ಕೋಣೆಗಳು ಒಂದಾಗುವುವು. ‘ಎರಡು ದಿನದ ಕೆಲಸ’ ಎಂದು ಮೇಸ್ತ್ರಿ ಹೇಳುತ್ತಾನೆ. ಮನೆಯ ಯಜಮಾನನು ಹೂಂಗುಟ್ಟಬೇಕೆ, ಬೇಡವೆ?

ಬೇಡ, ಇನ್ನೂ ಬೇಡ ಎಂಬುದೇ ನಮ್ಮ ಬಿನ್ನಹ. ಇಂತಹ ಗೋಡೆ ಹೊರಗಿನಿಂದ ಒಂದೇ ಗೋಡೆಯಾಗಿ ಕಂಡರೂ ಅನೇಕ ವೇಳೆ ಎರಡು ಕಲ್ಲಿನ ಮುಖಗಳಾಗಿದ್ದು, ನಡುವೆ ಚೂರುಗಲ್ಲು ಮತ್ತು ಮಣ್ಣು ತುಂಬಿರುತ್ತದೆ. ಎರಡು ಮುಖಗಳನ್ನೂ ಹಿಡಿದಿಡುವ ಅಡ್ಡ ಬಂಧಗಲ್ಲುಗಳಿಲ್ಲದಿದ್ದರೆ ಅವು ಅಗಲಿ ಉರುಳುವುವು. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ನೆರೆಯ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಮಿ ಕಂಪಿಸಿದಾಗ ಸಾವಿರಾರು ಜನರು ಮಡಿದುದು ಬಹುಮಟ್ಟಿಗೆ ಇಂತಹ ಗೋಡೆಗಳ ಕೆಳಗೆ. 2021ರ ಅಕ್ಟೋಬರಿನಲ್ಲಿ ಕಲಬುರಗಿ ಜಿಲ್ಲೆಯ ಗಡಿಕೇಶ್ವರದ ಸುತ್ತಲೂ ನೆಲ ನಡುಗಿತು. ಆದಕಾರಣ ಗೋಡೆಯ ವಿಚಾರದಲ್ಲಿ ಅವಸರ ಸಲ್ಲದು.

ಇಂದು ಗಣಕಯಂತ್ರದಲ್ಲಿ ಮನೆಯ ಪ್ರತಿರೂಪವನ್ನೇ ನಿರ್ಮಿಸುವ ತಂತ್ರಾಂಶಗಳು ಬಂದಿವೆ. ರೆವಿಟ್, ಆರ್ಕಿಕ್ಯಾಡ್ ಎಂಬುವು ಅವುಗಳಲ್ಲಿ ಪ್ರಸಿದ್ಧವಾದುವು. ಇವುಗಳಲ್ಲಿ ಗೋಡೆಯೆಂದರೆ ಬರಿಯ ಎರಡು ಗೆರೆಗಳಲ್ಲ. ಎತ್ತರ, ದಪ್ಪ, ಒಳಪದರಗಳುಳ್ಳ ವಸ್ತು. ಹೊರಮುಖದ ಕಲ್ಲು, ನಡುವಣ ಮಣ್ಣು, ಒಳಮುಖದ ಕಲ್ಲು, ಗಾರೆ — ಇವನ್ನು ಬೇರೆ ಬೇರೆ ಪದರಗಳಾಗಿಯೇ ಬರೆಯಬಹುದು. ಮೊದಲ ಕೆಲಸವೆಂದರೆ ಇದ್ದ ಮನೆಯನ್ನು ಇದ್ದಂತೆಯೇ ಬರೆಯುವುದು. ದಪ್ಪವನ್ನು ಬಾಗಿಲ ಪಕ್ಕದಲ್ಲಿ ಅಳೆಯಬೇಕು. ಗೋಡೆ ಸೊಟ್ಟಗಿದ್ದರೆ ಸೊಟ್ಟಗೆಯೇ ತೋರಿಸಬೇಕು.

ಎರಡನೆಯದೇ ಮುಖ್ಯವಾದುದು. ತೆಗೆಯಬೇಕಾದ ಗೋಡೆಯನ್ನು ಪ್ರತಿರೂಪದಿಂದ ಅಳಿಸಬಾರದು. ಅಳಿಸಿದರೆ ಅದು ಹಿಂದೆ ಇತ್ತೆಂಬ ಗುರುತೇ ಉಳಿಯದು. ಹಳೆಯ ಮನೆಯ ನಕ್ಷೆಯಿಂದಲೂ ಅದು ಮಾಯವಾಗುವುದು. ರೆವಿಟ್‌ನಲ್ಲಿ ಪ್ರತಿಯೊಂದು ಗೋಡೆಗೂ ಅದು ಹುಟ್ಟಿದ ಘಟ್ಟ ಯಾವುದು, ಒಡೆಯಲ್ಪಡುವ ಘಟ್ಟ ಯಾವುದು ಎಂಬ ಎರಡು ಗುರುತುಗಳಿವೆ. ಹೀಗೆ ಗುರುತಿಟ್ಟರೆ ಒಂದೇ ಪ್ರತಿರೂಪದಿಂದ ಮೂರು ನಕ್ಷೆಗಳು ದೊರೆಯುತ್ತವೆ: ಇದ್ದ ಮನೆ, ಒಡೆಯತಕ್ಕ ಭಾಗ, ಆಗಲಿರುವ ಮನೆ. ಕಾಗದದ ನಕ್ಷೆಗಳಲ್ಲಿ ಒಡೆಯುವುದನ್ನು ಹಳದಿಯಿಂದಲೂ ಹೊಸದನ್ನು ಕೆಂಪಿನಿಂದಲೂ ತೋರಿಸುವ ರೂಢಿಯ ಮುಂದುವರಿಕೆಯೇ ಇದು.

ಗೋಡೆಯ ಒಂದು ಭಾಗವನ್ನು ಮಾತ್ರ ತೆಗೆಯುವುದಾದರೆ ಮೊದಲು ಅದನ್ನು ತುಂಡುಮಾಡಿ, ಆ ತುಂಡಿಗೆ ಮಾತ್ರ ಗುರುತಿಡಬೇಕು. ಹಳೆಯ ಗೋಡೆಯಲ್ಲಿ ಹೊಸ ಬಾಗಿಲನ್ನಿಟ್ಟರೆ ಅಷ್ಟು ಗೋಡೆ ಒಡೆಯತಕ್ಕದ್ದೆಂದು ತಂತ್ರಾಂಶವೇ ತೋರಿಸುತ್ತದೆ; ಹಳೆಯ ಬಾಗಿಲನ್ನು ತೆಗೆದರೆ ಆ ತೆರವನ್ನು ತಾನೇ ತುಂಬುತ್ತದೆ. ಹಳೆಯ ಗೋಡೆಗೆ ಹೊಸ ಹೊದಿಕೆ ಹಚ್ಚುವಾಗ ಹಳೆಯದರ ಬಗೆಯನ್ನೇ ತಿದ್ದಬಾರದು. ತಿದ್ದಿದರೆ ಹೊದಿಕೆ ಮೊದಲಿನಿಂದಲೂ ಇದ್ದಂತೆ ನಕ್ಷೆ ಸುಳ್ಳು ಹೇಳುವುದು. ಹೊದಿಕೆಯನ್ನು ಪಕ್ಕದಲ್ಲಿ ಬೇರೊಂದು ತೆಳು ಗೋಡೆಯಾಗಿ ಬರೆಯುವುದು ಲೇಸು.

ಆದರೆ ಒಂದು ಮಾತು. ಯಂತ್ರವು ತೆರವನ್ನು ಕ್ಷಣದಲ್ಲಿ ತುಂಬೀತು. ಹೊಸ ಕಲ್ಲನ್ನು ಹಳೆಯ ಕಲ್ಲಿನೊಡನೆ ಹಲ್ಲು ಹಲ್ಲಾಗಿ ಬೆಸೆಯಬೇಕಾದವನು ಮೇಸ್ತ್ರಿಯೇ. ಗೋಡೆಯ ಮೇಲೆ ತೊಲೆ ಕುಳಿತಿದೆಯೆಂಬುದನ್ನು ನಾವು ಬರೆಯದಿದ್ದರೆ ಯಂತ್ರಕ್ಕೆ ತಿಳಿಯದು. ಗೋಡೆ ಹೋದ ಮೇಲೂ ಮೇಲ್ಮಹಡಿ ಪರದೆಯ ಮೇಲೆ ಗಾಳಿಯಲ್ಲಿ ನಿಂತೇ ಇರುತ್ತದೆ. ನಿಜವಾದ ಮಹಡಿ ಹಾಗೆ ನಿಲ್ಲದು. ಆದಕಾರಣ ನಕ್ಷೆಯನ್ನು ಇಂಜಿನಿಯರರಿಗೆ ತೋರಿಸಿ, ಆಸರೆಗಂಬಗಳನ್ನು ಎಲ್ಲಿ ನಿಲ್ಲಿಸಬೇಕು, ಹೊಸ ತೊಲೆಯನ್ನು ಯಾವಾಗ ಕೂರಿಸಬೇಕು ಎಂಬುದನ್ನು ಗೊತ್ತುಮಾಡಿಕೊಳ್ಳತಕ್ಕದ್ದು. ಒಂದೇ ಘಟ್ಟದಲ್ಲಿ ಬಂದು ಹೋಗುವ ಆಸರೆಗಳನ್ನು ತಾತ್ಕಾಲಿಕವೆಂದು ತೋರಿಸುವ ಏರ್ಪಾಡೂ ರೆವಿಟ್‌ನಲ್ಲಿದೆ.

ಮನೆಯವರಿಗೂ ಇದರಲ್ಲಿ ಪಾಲಿದೆ. ಮಳೆಗಾಲದಲ್ಲಿ ಯಾವ ಗೋಡೆ ಬೆವರುತ್ತದೆ, ಬೇಸಗೆಯಲ್ಲಿ ಎರೆಭೂಮಿ ಕುಗ್ಗಿದಾಗ ಯಾವ ಮೂಲೆಯ ಬಿರುಕು ಅಗಲವಾಗುತ್ತದೆ, ಯಾವ ಗೋಡೆ ನೆರೆಯವರಿಗೂ ಸೇರಿದ್ದು ಎಂಬುದನ್ನು ಮನೆಯ ಹಿರಿಯ ಹೆಣ್ಣುಮಕ್ಕಳಷ್ಟು ಬಲ್ಲವರಾರು? ನಕ್ಷೆ ಬರೆಯುವವರು ಬಂದಾಗ ಅವರನ್ನು ಕರೆದು ಕೇಳಬೇಕು. ಅವರು ಹೇಳಿದ್ದನ್ನು ಬರೆದಿಡಬೇಕು.

ನಾವು ಊಹಿಸಿದ ಮನೆಗೆ ಮರಳೋಣ. ಇದ್ದಂತೆ ಬರೆದು ನೋಡಿದಾಗ ಮೇಲ್ಮಹಡಿಯ ತೊಲೆಗಳೆಲ್ಲವೂ ಅದೇ ನಡುಗೋಡೆಯ ಮೇಲೆ ಊರಿವೆಯೆಂದು ಕಾಣುತ್ತದೆ ಎನ್ನಿ. ಆಗ ಗೋಡೆಯನ್ನು ಉಳಿಸಿ, ಎರಡು ತೊಲೆಗಳ ನಡುವೆ, ಮೇಲೆ ಗಟ್ಟಿ ಅಡ್ಡತೊಲೆ ಕೂರಿಸಿ, ಮೂರಡಿಯ ಬಾಗಿಲನ್ನು ತೆರೆದರೂ ಸೊಸೆಗೆ ಅಡಿಗೆಮನೆ ದೊಡ್ಡದಾದೀತು. ನಕ್ಷೆಯಲ್ಲಿ ಗೋಡೆಯನ್ನು ಹತ್ತು ಸಲ ಕೆಡಹಿ ಹತ್ತು ಸಲ ನಿಲ್ಲಿಸಬಹುದು. ಮನೆಯಲ್ಲಿ ಕೆಡಹುವುದು ಒಂದೇ ಸಲ. ಅದರ ಕೆಳಗೆ ಮಲಗುವವರು ನಮ್ಮ ಮಕ್ಕಳೆಂಬುದನ್ನು ಮರೆಯದಿರೋಣ.