ಅಧ್ಯಾಯ 4: ಕಾಣದ ಬಿಂದುವಿನ ಕಾರುಬಾರು

ಸ್ಪ್ರಿಂಗ್ ಭಾರ ಹೊರುತ್ತದೆ, ಶಾಕ್ ಅಬ್ಸಾರ್ಬರ್ ಕುಲುಕಾಟ ತಣಿಸುತ್ತದೆ. ಸಸ್ಪೆನ್ಷನ್ ಅಂದರೆ ಇಷ್ಟೇ ಅಂದುಕೊಂಡವರೇ ಹೆಚ್ಚು. ಅದಕ್ಕೆ ಮೂರನೆಯ ಕೆಲಸವೊಂದಿದೆ: ಆಕ್ಸಲ್ಲು ಅತ್ತಿತ್ತ ಸರಿಯದಂತೆ, ತಿರುಚದಂತೆ ಹಿಡಿದಿಡುವುದು. ಹಳೇ ಕಾರಿಗೆ ಹೊಸ ಹಿಂಬದಿ ಕಟ್ಟಹೊರಟವರು ಎಡವುವುದು ಇಲ್ಲೇ.

ಅಂಬಾಸಿಡರ್ ಕಾರಿನ ಹಿಂಬದಿಗೆ ಬಗ್ಗಿ ನೋಡಿ. ಎರಡು ಕಡೆ ಲೀಫ್ ಸ್ಪ್ರಿಂಗು, ಅವಕ್ಕೆ ಯು ಬೋಲ್ಟಿನಿಂದ ಬಿಗಿದ ಆಕ್ಸಲ್ ಹೌಸಿಂಗು. ಅಮೆರಿಕದ 1967ರ ಶೆವ್ರೊಲೆ ಕಮಾರೊದಲ್ಲೂ ಇದೇ ಜೋಡಣೆ. ಆದರೆ ಒಂದೊಂದು ಕಡೆಗೆ ಒಂದೇ ಬ್ಲೇಡು. ದೊಡ್ಡ ಇಂಜಿನ್ನು ಜೋರಾಗಿ ಎಳೆದರೆ ಹೌಸಿಂಗ್ ತಿರುಚಿ ಬ್ಲೇಡು ಡೊಂಕಾಗುತ್ತಿತ್ತು. ಟೈರು ಜಾರಿದೊಡನೆ ಚಿಮ್ಮಿ ನೆಟ್ಟಗಾಗುತ್ತಿತ್ತು. ಮತ್ತೆ ಹಿಡಿತ, ಮತ್ತೆ ತಿರುಚು. ಗಾಲಿ ದಡದಡ ಕುಣಿಯುತ್ತಿತ್ತು. 1968ರಲ್ಲಿ ಕಂಪನಿಯವರು ಒಂದು ಶಾಕ್ ಅಬ್ಸಾರ್ಬರನ್ನು ಆಕ್ಸಲ್ಲಿನ ಮುಂದೆ, ಇನ್ನೊಂದನ್ನು ಹಿಂದೆ ಇಟ್ಟು ಈ ಕುಣಿತ ತಗ್ಗಿಸಿದರು.

‘ಲೀಫ್ ಕಿತ್ತು ಕಾಯಿಲ್ ಹಾಕಿಬಿಡೋಣ’ ಅನ್ನುವವರು ಸಿಗುತ್ತಾರೆ. ಕಾಯಿಲ್ ಭಾರ ಹೊರುತ್ತದಷ್ಟೆ, ಆಕ್ಸಲ್ಲನ್ನು ಹಿಡಿಯುವುದಿಲ್ಲ. ಹಿಡಿಯಲು ಲಿಂಕುಗಳು ಬೇಕು: ಕೆಳಗೆ ಎರಡು, ಮೇಲೆ ಒಂದು, ಪಕ್ಕಕ್ಕೆ ಸರಿಯದಂತೆ ಒಂದು ಅಡ್ಡ ರಾಡು.

ಕೆಳಗೆ ಎರಡು, ಮೇಲೆ ಒಂದು! ಹರಿಹರದ ಕಡೆಯ ಭಾನುವಳ್ಳಿಯಲ್ಲಿ ಯಾವ ಟ್ರ್ಯಾಕ್ಟರಿನ ಹಿಂದೆ ಹೋಗಿ ನಿಂತರೂ ಇದೇ ಕಾಣುತ್ತದೆ. ಹ್ಯಾರಿ ಫರ್ಗ್ಯುಸನ್ ರೂಪಿಸಿದ ಈ ಜೋಡಣೆ 1939ರ ಫೋರ್ಡ್ ಟ್ರ್ಯಾಕ್ಟರಿನೊಂದಿಗೆ ಜಗತ್ತಿಗೆಲ್ಲ ಹಬ್ಬಿತು. ಟಾಪ್ ಲಿಂಕ್ ತಿರುವಿ ಗಿಡ್ಡ ಮಾಡಿದರೆ ನೇಗಿಲ ಮೂತಿ ಕೆಳಗಾಗುತ್ತದೆಂದು ಉಳುವವರಿಗೆ ಹೇಳಿಕೊಡಬೇಕಿಲ್ಲ. ಕಾರಿನ ಮೇಲಿನ ಲಿಂಕ್ ಗಿಡ್ಡ ಮಾಡಿದರೂ ಹೌಸಿಂಗಿನ ಮೂತಿ, ಅಂದರೆ ಪಿನಿಯನ್ ಇರುವ ಕಡೆ, ಹಾಗೇ ಬಾಗುತ್ತದೆ. ನನ್ನ ಮಟ್ಟಿಗೆ ಸಸ್ಪೆನ್ಷನ್ ಕಲಿಯಲು ಇದಕ್ಕಿಂತ ಒಳ್ಳೆಯ ಪಾಠೋಪಕರಣ ಇಲ್ಲ.

ಪಕ್ಕದಿಂದ ನೋಡುತ್ತ ಮೇಲಿನ ಲಿಂಕಿನ ಗೆರೆಯನ್ನೂ ಕೆಳಗಿನದರ ಗೆರೆಯನ್ನೂ ಮನಸ್ಸಿನಲ್ಲೇ ಮುಂದಕ್ಕೆ ಎಳೆಯಿರಿ. ಎಲ್ಲೋ ಮುಂದೆ ಎರಡೂ ಕೂಡುತ್ತವೆ. ಅಲ್ಲಿ ಬೋಲ್ಟಿಲ್ಲ, ಬುಷ್ಷಿಲ್ಲ. ಆದರೂ ನೇಗಿಲು ಆ ಬಿಂದುವಿಗೇ ಕಟ್ಟಿದಂತೆ ಎಳೆಯಲ್ಪಡುತ್ತದೆ. ಕಾರಿನ ಆಕ್ಸಲ್ಲು ಬಾಡಿಯನ್ನು ತಳ್ಳುವುದೂ ಅಂಥದೇ ಬಿಂದುವಿನಿಂದ.

ಈಗ ನನಗೆ ಪ್ರೀತಿಯ ತಪ್ಪು ತಿಳಿವಳಿಕೆಗೆ ಬರೋಣ: ‘ಹಿಂಬದಿ ಕೂತಷ್ಟೂ ಟೈರಿಗೆ ಹಿಡಿತ ಜಾಸ್ತಿ.’ ಲೆಕ್ಕ ಹಾಕಿ ನೋಡಿ. ಕಾರು 1,500 ಕಿಲೊ, ಗುರುತ್ವ ಕೇಂದ್ರ ನೆಲದಿಂದ ಅರ್ಧ ಮೀಟರ್ ಎತ್ತರ, ಮುಂದಿನ ಹಿಂದಿನ ಗಾಲಿಗಳ ಅಂತರ 2.7 ಮೀಟರ್. ಗುರುತ್ವದ ಅರ್ಧದಷ್ಟು ವೇಗವರ್ಧನೆಯಲ್ಲಿ ನುಗ್ಗಿದರೆ ಹಿಂದಿನ ಗಾಲಿಗಳ ಮೇಲೆ ಸುಮಾರು 140 ಕಿಲೊ ಭಾರ ಹೆಚ್ಚುತ್ತದೆ. ಈ ಲೆಕ್ಕದಲ್ಲಿ ಸ್ಪ್ರಿಂಗಿನ ಹೆಸರೇ ಇಲ್ಲ! ಮೆತ್ತಗಿದ್ದರೂ ಗಟ್ಟಿಯಿದ್ದರೂ ಹೆಚ್ಚುಕಡಿಮೆ ಅಷ್ಟೇ ಭಾರ. ಅದು ಸ್ಪ್ರಿಂಗಿನ ಮೂಲಕ ಇಳಿಯಬೇಕೋ ಲಿಂಕಿನ ಮೂಲಕವೋ ಎಂಬುದನ್ನು ಆ ಕಾಣದ ಬಿಂದು ತೀರ್ಮಾನಿಸುತ್ತದೆ.

ಹಿಂದಿನ ಟೈರು ನೆಲ ಮುಟ್ಟುವ ಕಡೆಯಿಂದ ಬಿಂದುವಿಗೊಂದು ಗೆರೆ ಎಳೆದು ಮುಂದಿನ ಆಕ್ಸಲ್ಲಿನವರೆಗೂ ಒಯ್ಯಿರಿ. ಅಲ್ಲಿ ಅದು ಗುರುತ್ವ ಕೇಂದ್ರದಷ್ಟೇ ಎತ್ತರದಲ್ಲಿದ್ದರೆ ಹಿಂಬದಿ ಕೂರುವುದೂ ಇಲ್ಲ, ಏಳುವುದೂ ಇಲ್ಲ. ತಗ್ಗಿನಲ್ಲಿದ್ದರೆ ಕೂರುತ್ತದೆ, ಎತ್ತರದಲ್ಲಿದ್ದರೆ ಏಳುತ್ತದೆ. ನಮ್ಮ ಕಾರಿನಲ್ಲಿ ಬಿಂದು ಹಿಂದಿನ ಆಕ್ಸಲ್ಲಿಗಿಂತ 1.35 ಮೀಟರ್ ಮುಂದಿದ್ದರೆ ಆ ಸಮತೋಲಕ್ಕೆ 250 ಮಿ.ಮೀ. ಎತ್ತರ ಬೇಕು. ಹಾಗಂತ ಬಿಂದುವನ್ನು ಮೇಲೆ ಮೇಲೆ ಒಯ್ಯುತ್ತ ಹೋದರೆ ಬ್ರೇಕ್ ಒತ್ತಿದಾಗ ಹಿಂದಿನ ಗಾಲಿ ಕುಣಿಯಲು ಶುರುವಾಗುತ್ತದೆ. ರಸ್ತೆಗಿಳಿಯುವ ಕಾರಿಗೆ 150 ಮಿ.ಮೀ. ಆಸುಪಾಸಿನಲ್ಲೇ ಶುರುಮಾಡುವುದು ಲೇಸು. ಲಿಂಕುಗಳು ತೀರಾ ಗಿಡ್ಡ ಇದ್ದರೆ ಪ್ರತಿ ಹಂಪಿಗೂ ಬಿಂದು ಓಡಾಡುತ್ತದೆ. ಜಾಗ ಇದ್ದಷ್ಟು ಉದ್ದ ಇಡಿ.

ವೆಲ್ಡಿಂಗಿಗೆ ಮುಂಚೆ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ವಾಹನದ ಬದಲಾವಣೆಗೆ ಕಡಿವಾಣ ಹಾಕಿದೆ. ಕಾಗದದ ಮೇಲೆ ಎಳೆಯಲು ಯಾರ ಅಪ್ಪಣೆಯೂ ಬೇಡ. 1951ರಿಂದ ಇಂಜಿನಿಯರುಗಳನ್ನು ತಯಾರು ಮಾಡುತ್ತಿರುವ ದಾವಣಗೆರೆಯ ಬಿಡಿಟಿ ಕಾಲೇಜಿನ ಹುಡುಗ ಹುಡುಗಿಯರು ಒಂದು ಭಾನುವಾರ ಹರಿಹರದ ಕಡೆ ಟೇಪು ಹಿಡಿದು ಹೊರಡಲಿ. ಟ್ರ್ಯಾಕ್ಟರಿನ ಲಿಂಕುಗಳನ್ನು ಅಳೆದು ಗ್ರಾಫ್ ಹಾಳೆಯಲ್ಲಿ ಹತ್ತರಲ್ಲೊಂದು ಪಾಲಿಗೆ ಇಳಿಸಲಿ. ಆಮೇಲೆ ಟಾಪ್ ಲಿಂಕನ್ನು ಬೇರೆ ತೂತಿಗೆ ಹಾಕಿ ಮತ್ತೊಮ್ಮೆ ಅಳೆದು, ಬಿಂದು ಎಷ್ಟು ಮಾರು ಸರಿಯಿತೆಂದು ನೋಡಲಿ.